ಧಣಿಗೆ ಬೇಡಿ ಬೀಳುತ್ತಿದ್ದ ರವಿವಾರಗಳು

ಗುಜರಾತಿನ ವಡೋದರಾ ಹತ್ತಿರದ ಕೊಯಾಲಿಯ ಟೌನ್‌ಶಿಪ್ಪಿನಲ್ಲಿ ನಮಗೆ ಸಿಕ್ಕಿದ್ದ ಕ್ವಾರ್ಟರ್ಸಿನ ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಒಂದು ಚೌಕನೆಯ ಕಿಂಡಿ ಇತ್ತು. ಊಟದ ತಾಟು ದಾಟಿಸಲಿಕ್ಕೆಂದು ಅದನ್ನು ಬಿಟ್ಟಿದ್ದರಂತೆ. ನಮ್ಮ ಮನೆಯಲ್ಲಿ ಅದರೊಳಗಿಂದ ತಾಟು ದಾಟಿದ್ದು ಕಡಿಮೆ, ಮಾತು ದಾಟಿದ್ದೇ ಹೆಚ್ಚು. ಕಿಂಡಿಯ ಆಚೆ ಅವ್ವ ಒಲೆಯ ಮುಂದೆ ನಿಂತಿರುತ್ತಿದ್ದಳು, ಈಚೆ ಅಜ್ಜಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡದೆ ದಿನವಿಡೀ ಜಗಳ ಆಡಲಿಕ್ಕೆ ಅದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಈ ಕಡೆಯಿಂದ ಒಂದು ಮಾತು ಹೋದರೆ, ಹಲ್ಲು ಹೋದರೂ ನಾಲಿಗೆ ಮಾತ್ರ ಗಟ್ಟಿ ಉಳಿದೈತಿ ಎಂದು ಆ ಕಡೆಯಿಂದ ಒಂದು ಬರುತ್ತಿತ್ತು. ಕಿಂಡಿಗೆ ಸರಿಯಾಗಿ ಎದುರಿನ ಗೋಡೆಗೆ ಟೀವಿ ಇತ್ತು. ಅವ್ವನಿಗೂ ಕಾಣಲಿ ಎಂದೇ ಅಪ್ಪ ಅದನ್ನು ಅಲ್ಲಿ ಇಟ್ಟಿದ್ದ. ಹಿತ್ತಿಲ ಬಾಗಿಲು ತೆರೆದರೆ ದೂರದಲ್ಲಿ ರಿಫೈನರಿಯ ಚಿಮಣಿ, ಅದರ ತುದಿಯಲ್ಲಿ ಎಂದೂ ಆರದ ಬೆಂಕಿ. ಅಪ್ಪ ಅಲ್ಲಿ ಮೀಟರು ವಾಲ್ವುಗಳನ್ನು ನೋಡಿಕೊಳ್ಳುವ ಟೆಕ್ನೀಶಿಯನ್. ನಮ್ಮ ಮನೆಯ ಊಟ, ನಿದ್ದೆ, ಹಬ್ಬ ಎಲ್ಲವೂ ಅವನ ಶಿಫ್ಟಿನ ಪ್ರಕಾರ ನಡೆಯುತ್ತಿದ್ದವು.

ಅಜ್ಜಿ ಗದಗಿನ ಕಡೆಯವಳು, ಅಪ್ಪನ ತಾಯಿ. ನಾನು ಸಣ್ಣ ಇಯತ್ತೆಯಲ್ಲಿದ್ದಾಗ ಒಂದು ಚೀಲ ಜೋಳದ ಹಿಟ್ಟು ಕಟ್ಟಿಕೊಂಡು ನಮ್ಮಲ್ಲಿಗೆ ಇರಲಿಕ್ಕೆ ಬಂದಳು. ಆಗ ನನ್ನ ಕನ್ನಡ ಹೇಗಿತ್ತೆಂದರೆ, ಹಸಿವಾಗಿದೆ, ನೀರು ಬೇಕು, ಹೊಡೀಬ್ಯಾಡ, ಇಷ್ಟರಲ್ಲೇ ಮುಗಿಯುತ್ತಿತ್ತು. ಶಾಲೆಯಲ್ಲಿ ಹಿಂದಿ, ಆಟದ ಬಯಲಲ್ಲಿ ಗುಜರಾತಿ. ಅವ್ವ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದೆ, ಅವರೂ ಸುಮ್ಮನಾಗಿಬಿಟ್ಟಿದ್ದರು. ಅಜ್ಜಿ ಸುಮ್ಮನಾಗಲಿಲ್ಲ. ನಾನು ಏನಾದರೂ ಹೇಳಿದಾಗಲೆಲ್ಲ ಕಿವಿ ಮುಂದೆ ಮಾಡಿ ಕಾಯುತ್ತಿದ್ದಳು, ಕನ್ನಡದಲ್ಲಿ ಬರುವ ತನಕ ಆ ಕಿವಿ ಹಿಂದೆ ಸರಿಯುತ್ತಿರಲಿಲ್ಲ. ಆದರೆ ನನಗೆ ನಿಜವಾಗಿ ಮಾತು ಕಲಿಸಿದ್ದು ಅಜ್ಜಿ ಮತ್ತು ಒಂದು ಪೊಲೀಸ್ ಸಿನಿಮಾ, ಇಬ್ಬರೂ ಸೇರಿ.

ಆ ಸಿನಿಮಾದ ವಿಡಿಯೋ ಕ್ಯಾಸೆಟ್ಟನ್ನು ಹುಬ್ಬಳ್ಳಿಯಿಂದ ತಂದವರು ನನ್ನ ಸೋದರಮಾವ. ವಡೋದರಾದಲ್ಲಿ ಎಲ್ಲಿ ಹುಡುಕಿದರೂ ಕನ್ನಡದ ಕ್ಯಾಸೆಟ್ ಸಿಗುತ್ತಿರಲಿಲ್ಲವಾದ್ದರಿಂದ ನಮ್ಮ ಮನೆಯಲ್ಲಿದ್ದದ್ದು ಅದೊಂದೇ. ಅದರ ಹೆಸರನ್ನು ನಾವು ಯಾರೂ ಹೇಳುತ್ತಿರಲಿಲ್ಲ. 'ಪೊಲೀಸಪ್ಪ' ಎಂದರೆ ಮುಗಿಯಿತು. ಒಬ್ಬ ಇನ್‌ಸ್ಪೆಕ್ಟರ್ ಹಾಸಿಗೆ ಸುರುಳಿ ಹಿಡಿದು ಬಸ್ಸಿನಿಂದ ಇಳಿಯುತ್ತಾನೆ. ಠಾಣೆಗೆ ಹೋಗಿ ನೋಡಿದರೆ ಲಾಕಪ್ಪಿನ ತುಂಬ ಮೆಣಸಿನಕಾಯಿ ಚೀಲ. ಆ ಊರನ್ನು ಆಳುವ ಧಣಿ ಠಾಣೆಯನ್ನೇ ತನ್ನ ಗೋದಾಮು ಮಾಡಿಕೊಂಡಿದ್ದಾನೆ. ಇನ್‌ಸ್ಪೆಕ್ಟರ್ ಮೂರು ಸಲ ಸೀನಿ, ಈ ಮಾಲು ಯಾರದು ಎಂದು ಕೇಳುತ್ತಾನೆ. ಅಲ್ಲಿಂದ ಶುರು. ನಡುವೆ ಹತ್ತಿ ಮಿಲ್ಲಿನಲ್ಲಿ ದೊಡ್ಡ ಹೊಡೆದಾಟ. ಕೊನೆಗೆ ಬಾಜಾರದ ಅಂಗಡಿಗಳೆಲ್ಲ ಹೆದರಿ ಬಾಗಿಲು ಹಾಕಿಕೊಂಡಿರುವಾಗ ಆತ ಪಿಸ್ತೂಲನ್ನು ಠಾಣೆಯಲ್ಲೇ ಬಿಟ್ಟು, ಬರೀ ಬೇಡಿ ಹಿಡಿದು, ನಡುರಸ್ತೆಯಲ್ಲಿ ನಡೆದು ಬಂದು ಧಣಿಯನ್ನು ಹಿಡಿದು ಜೀಪಿಗೆ ಹತ್ತಿಸುತ್ತಾನೆ.

ಇದರಲ್ಲಿ ಅಂಥಾದ್ದೇನಿತ್ತು ಎಂದು ಈಗ ಅಹಮದಾಬಾದಿನ ಬೋಪಾಲ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ ಕೂತು ಯೋಚಿಸಿದರೆ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಇತ್ತು ಎಂದೇ ಹೇಳಬೇಕು. ಅಪ್ಪನಿಗೆ ಇಷ್ಟವಾಗುತ್ತಿದ್ದದ್ದು ಆ ಹಾಸಿಗೆ ಸುರುಳಿ. ಗೊತ್ತಿಲ್ಲದ ಊರಿಗೆ ವರ್ಗವಾಗಿ ಬಂದು, ನಳ ಸೋರುವ ಕ್ವಾರ್ಟರ್ಸಿನಲ್ಲಿ ಒಂದು ಮೊಳೆ ಹುಡುಕಿ ಅಂಗಿ ತೂಗುಹಾಕುವವನ ಪಾಡು ಅವನಿಗೆ ಗೊತ್ತಿತ್ತು. ಅವ್ವನಿಗೆ ಆ ಇನ್‌ಸ್ಪೆಕ್ಟರ್ ತನ್ನ ಅಂಗಿಯನ್ನು ತಾನೇ ಒಗೆಯುವುದು. ಆ ದೃಶ್ಯ ಬಂದಾಗ ಅವಳು ಕಿಂಡಿಯಿಂದ ಅಪ್ಪನ ಕಡೆ ನೋಡುತ್ತಿದ್ದಳು, ಅಪ್ಪ ಟೀವಿಯ ಕಡೆಯೇ ನೋಡುತ್ತಿದ್ದ. ಅಜ್ಜಿಗೆ ಮಾತ್ರ ಬೇಡಿ. ಅದೊಂದು ದೃಶ್ಯಕ್ಕಾಗಿ ಅವಳು ಇಡೀ ಸಿನಿಮಾ ಕಾಯುತ್ತಿದ್ದಳು.

ಒಂದು ರವಿವಾರ ವಿಸಿಆರ್ ಟೇಪನ್ನು ನುಂಗಿತು. ಅಪ್ಪ ಸ್ಕ್ರೂಡ್ರೈವರ್ ತಂದು, ಮಷೀನು ಬಿಚ್ಚಿ, ಹಸುಗೂಸನ್ನು ಎತ್ತುವ ಹಾಗೆ ಟೇಪನ್ನು ಹೊರಗೆ ತೆಗೆದು, ಮಡಿಕೆ ಬಿದ್ದ ಅಂಚನ್ನು ಮೆತ್ತನೆಯ ಬಟ್ಟೆಯಿಂದ ತೀಡಿ ಮತ್ತೆ ಸುತ್ತಿದ. ಚಿತ್ರ ಬಂತು. ಮಾತು ಮಾತ್ರ ನೀರೊಳಗಿನ ಕಪ್ಪೆಯ ಹಾಗೆ ಗುರುಗುಟ್ಟಿ ನಿಂತೇಹೋಯಿತು. ಟೇಪಿನ ಅಂಚಿನ ಮೇಲೆಯೇ ದನಿ ಕೂತಿರುತ್ತದೆ, ಅಂಚು ಹೋದರೆ ದನಿ ಹೋದ ಹಾಗೆ ಎಂದು ಅಪ್ಪ ತಿಳಿಸಿ ಹೇಳಿದ. ಎಲ್ಲರೂ ಸೂತಕದ ಮನೆಯವರ ಹಾಗೆ ಕೂತೆವು. ಪರದೆಯ ಮೇಲೆ ಇನ್‌ಸ್ಪೆಕ್ಟರ್ ಬಾಯಿ ಆಡಿಸುತ್ತಲೇ ಇದ್ದ.

"ಏನಾತೀಗ," ಎಂದಳು ಅಜ್ಜಿ. "ಅವನ ದನಿ ಹೋತು. ನಮಗ ಬಾಯಿ ಇಲ್ಲೇನು? ಬಸೂ, ನೀ ಪೊಲೀಸನ ಮಾತು ಹೇಳು. ನಾ ಧಣೀದು ಹೇಳತೇನಿ."

"ಹೆಂಗಸರು ಧಣೀ ಮಾತು ಹೇಳೂದೇನು, ಅತ್ತಿ," ಎಂದು ಕಿಂಡಿಯಿಂದ ಅವ್ವ.

"ಹೇಳೂದೈತಿ. ನಿನ್ನ ಜೋಡಿ ಮಾತಾಡಿ ಮಾತಾಡಿ ರೂಢಿ ಆಗೇತಿ."

ಅಂದಿನಿಂದ ನಮ್ಮ ಮನೆಯಲ್ಲಿ ಸಿನಿಮಾ ನೋಡುವುದು ಹೋಗಿ, ಸಿನಿಮಾ ಆಡುವುದು ಶುರುವಾಯಿತು. ಅಪ್ಪ ಇನ್‌ಸ್ಪೆಕ್ಟರ್, ಅಜ್ಜಿ ಧಣಿ. ಹೊಡೆದಾಟದ ಸದ್ದನ್ನು ಏನು ಮಾಡುವುದು ಎಂದು ಯಾರೂ ಯೋಚಿಸಿರಲಿಲ್ಲ. ಅದು ತಾನಾಗಿ ಒದಗಿತು. ಮಿಲ್ಲಿನ ದೃಶ್ಯ ಬರುವ ಹೊತ್ತಿಗೆ ಅವ್ವ ಅಗಲ ತಾಟಿನಂಥ ಪರಾತದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಕಣ್ಣು ಟೀವಿಯ ಮೇಲೆ. ಅಲ್ಲಿ ಇನ್‌ಸ್ಪೆಕ್ಟರನ ಮುಷ್ಟಿ ಬೀಳುವುದಕ್ಕೂ ಇಲ್ಲಿ ಅವ್ವನ ಅಂಗೈ ಹಿಟ್ಟಿನ ಮೇಲೆ ಬೀಳುವುದಕ್ಕೂ ಕೂಡಿಬಂತು. ಒಂದು ಸಲ ಕೂಡಿಬಂದದ್ದನ್ನು ಅವ್ವ ಬಿಡುವವಳಲ್ಲ. ಮುಂದಿನ ವಾರದಿಂದ ಹೊಡೆದಾಟಕ್ಕೆ ಸರಿಯಾಗಿ ಹಿಟ್ಟು ನಾದಿಟ್ಟುಕೊಳ್ಳತೊಡಗಿದಳು. ಸಣ್ಣ ರೌಡಿಗಳಿಗೆ ಬೆರಳ ತುದಿಯ ಬಡಿತ, ಧಣಿಯ ಬಲಗೈ ಬಂಟನಿಗೆ ಪೂರಾ ಅಂಗೈ. ಅವನು ಹತ್ತಿಯ ರಾಶಿಯ ಮೇಲೆ ಬೀಳುವ ಹೊತ್ತಿಗೆ ರೊಟ್ಟಿ ಹೆಂಚಿಗೆ ಹೋಗುತ್ತಿತ್ತು. ಅಷ್ಟು ತೆಳ್ಳನೆಯ ರೊಟ್ಟಿಯನ್ನು ನಾನು ಮತ್ತೆಲ್ಲೂ ತಿಂದಿಲ್ಲ.

ಅಪ್ಪನಿಗೆ ರವಿವಾರ ಸಂಜೆಯ ಶಿಫ್ಟು ಬಿದ್ದಾಗ ಇನ್‌ಸ್ಪೆಕ್ಟರನಿಗೆ ದನಿ ಇಲ್ಲದಂತಾಯಿತು. ಅಜ್ಜಿ ನನ್ನ ಕಡೆ ತಿರುಗಿ, "ಗಂಗವ್ವಾ, ನೀ ಹೇಳು," ಎಂದಳು. ನನಗೆ ಬರುವುದಿಲ್ಲ ಎಂದು ಗುಜರಾತಿಯಲ್ಲಿ ಹೇಳಿದೆ. ಅವಳ ಕಿವಿ ಮುಂದೆ ಬಂತು. ನಾನು ಎದ್ದು ನಿಂತೆ. ಇನ್‌ಸ್ಪೆಕ್ಟರ್ ಬೆಂಗಳೂರಿನ ಕಡೆಯ ಕನ್ನಡ ಮಾತಾಡುವವನು. ಆದರೆ ಅಜ್ಜಿ ಒಂದೊಂದೇ ಮಾತನ್ನು ನನ್ನ ಬಾಯಿಗೆ ಹಾಕಿದ್ದರಿಂದ ಅವನು ನನ್ನಲ್ಲಿ ಗದಗಿನವನಾದ. "ಈ ಚೀಲ ಯಾರವು? ಧಣೀವು? ಹಂಗಾದ್ರ ಧಣೀನ್ನೂ ಇವುಗಳ ಜೋಡಿ ಒಳಗ ಇಡಬೇಕಾತು." ಇಷ್ಟನ್ನು ತಡವರಿಸದೆ ಹೇಳಲಿಕ್ಕೆ ನನಗೆ ಎಷ್ಟೋ ವಾರ ಹಿಡಿಯಿತು. ಆದರೆ ಹೇಳಿದ ದಿನ ಎದೆ ಉಬ್ಬಿತು. ನನಗಿಂತ ದೊಡ್ಡವರನ್ನು ಎದುರು ನಿಲ್ಲಿಸಿಕೊಂಡು ಪ್ರಶ್ನೆ ಕೇಳಬಹುದು ಎಂಬುದು ನನಗೆ ತಿಳಿದದ್ದೇ ಆ ಮಾತಿನಿಂದ. ಅಪ್ಪನಿಗೆ ಮುಂದೆ ರವಿವಾರ ರಜೆ ಇದ್ದಾಗಲೂ ಆತ ಮತ್ತೆ ಆ ಪಾತ್ರ ಕೇಳಲಿಲ್ಲ. ಮಂಚದ ತುದಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದ.

ಒಂದು ತೊಡಕು ಮಾತ್ರ ಹೋಗಲಿಲ್ಲ. ಗುಜರಾತಿನಲ್ಲಿ ಬೆಳೆದ ಮಕ್ಕಳಿಗೆ ಗಂಡಸರ ಹೆಸರನ್ನು ಬರಿದಾಗಿ ಕರೆಯಲಿಕ್ಕೆ ಬಾಯೇ ಬರುವುದಿಲ್ಲ. ಹಾಲಿನವ, ಬಸ್ಸಿನ ಡ್ರೈವರ, ಶಾಲೆಯ ಜವಾನ, ಯಾರಾದರೂ ಸರಿ, ಹಿಂದೆ ಒಂದು 'ಭಾಯಿ' ಅಂಟಿಸಲೇಬೇಕು. ಹಾಗಾಗಿ ನನ್ನ ಇನ್‌ಸ್ಪೆಕ್ಟರ್ ಕೊನೆಯ ದೃಶ್ಯದಲ್ಲಿ ಬೇಡಿ ಎತ್ತಿ ಹಿಡಿದು, "ನಡೀರಿ, ಧಣೀಭಾಯಿ," ಎನ್ನುತ್ತಿದ್ದ.

"ಬೇಡಿ ಹಾಕಾವರು ಭಾಯಿ ಅಂತಾರೇನವಾ?" ಎಂದು ಅಜ್ಜಿ ಪ್ರತಿಸಲ ಕೇಳುತ್ತಿದ್ದಳು. ಆದರೂ ಪ್ರತಿಸಲ ತಲೆ ತಗ್ಗಿಸಿ, ಕೂತಲ್ಲೇ ಜೀಪು ಹತ್ತುತ್ತಿದ್ದಳು.

ಸಿನಿಮಾದ ಧಣಿ ಗುಡುಗುವವನು. ಅಜ್ಜಿಯ ಧಣಿ ಗುಡುಗುತ್ತಿರಲಿಲ್ಲ. ಎಷ್ಟು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳೆಂದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಬೇಕಾಗುತ್ತಿತ್ತು. ಯಾಕೆ ಹಾಗೆ ಎಂದು ಒಂದು ಮಧ್ಯಾಹ್ನ ನನ್ನ ತಲೆಗೆ ಎಣ್ಣೆ ಹಚ್ಚುವಾಗ ಕೇಳಿದೆ.

"ದೊಡ್ಡ ಮಂದಿ ಒದರೂದಿಲ್ಲವಾ. ಎದುರಿನವರು ಬಗ್ಗಿ ಕೇಳಬೇಕು ಅಂತ ಸಣ್ಣಗ ಮಾತಾಡ್ತಾರ. ನಿಮ್ಮಜ್ಜ ತೀರಿಕೊಂಡ ವರ್ಷ ನಮ್ಮೂರ ಧಣೀ ದನ ನಮ್ಮ ಹೊಲಕ್ಕ ಬಿದ್ದು ನಿಂತ ಜೋಳ ಎಲ್ಲಾ ಮೇದು ಹೋದ್ವು. ಕೇಳಾಕ ಅಂತ ಅವನ ವಾಡೇದ ದೊಡ್ಡ ಬಾಗಲದ ಮುಂದ ಹೋಗಿ ನಿಂತ್ನಿ. ಮುಂಜಾನೆ ನಿಂತಾಕಿ, ಹೊತ್ತು ಮುಳುಗಿದ ಮ್ಯಾಲೆ ಹೊರಗ ಬಂದ. ಏನೋ ಅಂದ. ಕೇಳಿಸ್ಲಿಲ್ಲ. ಬಗ್ಗಿದ್ನಿ. 'ದನಕ್ಕ ಬುದ್ಧಿ ಇಲ್ಲ, ನಿನಗೂ ಇಲ್ಲೇನು, ಮನೀಗೆ ಹೋಗು,' ಅಂದ. ಹೆಸರು ಹಿಡದು ಸೈತ ಕರೀಲಿಲ್ಲ."

"ಆಮ್ಯಾಲೆ? ಪೊಲೀಸ್ರು ಬರಲಿಲ್ಲೇನು?"

"ಪೊಲೀಸ್ರು ಅವನ ವಾಡೇದಾಗ ಊಟಕ್ಕ ಕುಂತಿದ್ರು," ಎಂದು ಅಜ್ಜಿ ನನ್ನ ಜಡೆಯನ್ನು ಜಗ್ಗಿ ಬಿಗಿದಳು. "ಈಗ ಬರ್ತಾರಲ್ಲ, ವಾರಾ ವಾರಾ. ಅಷ್ಟ ಸಾಕು."

ನಮ್ಮ ಈ ಆಟ ಮನೆಯೊಳಗೇ ಉಳಿಯುವಂಥದ್ದಾಗಿರಲಿಲ್ಲ. ಮೊದಲು ಬಂದವಳು ಪಕ್ಕದ ಮನೆಯ ಮಂಜುಲಾಬೆನ್, ಒಂದು ತಾಟು ಢೋಕ್ಲಾ ಹಿಡಿದು. ಕನ್ನಡದ ಒಂದಕ್ಷರ ಬರದಿದ್ದರೂ ಸರಿಯಾದ ಜಾಗದಲ್ಲೇ ನಗುತ್ತಿದ್ದಳು, ಕೊನೆಗೆ ಅಜ್ಜಿಯ ಕೈ ಹಿಡಿದು, "ಬಾ, ತಮೇ ತೋ ಬಹು ಖರಾಬ್ ಮಾಣಸ್ ಛೋ," ಎನ್ನುತ್ತಿದ್ದಳು. ಅಮ್ಮಾ, ನೀವು ಬಹಳ ಕೆಟ್ಟ ಮನುಷ್ಯ ಎಂದು ನಾನು ತಿಳಿಸಿ ಹೇಳಿದರೆ ಅಜ್ಜಿ ಹಿಗ್ಗುತ್ತಿದ್ದಳು. ಮಂಜುಲಾಬೆನ್ ಹಿಂದೆ ಇನ್ನಿಬ್ಬರು, ಅವರ ಹಿಂದೆ ಮಕ್ಕಳು. ಸುದ್ದಿ ಮೂರ್ತಿ ಸಾಹೇಬರ ಕಿವಿಗೆ ಬಿತ್ತು. ಅವರು ಮೈಸೂರಿನವರು, ಅಪ್ಪನ ವಿಭಾಗದಲ್ಲೇ ಅಧಿಕಾರಿ, ಮೇಲಾಗಿ ಟೌನ್‌ಶಿಪ್ಪಿನ ಕನ್ನಡ ಸಂಘದ ಕಾರ್ಯದರ್ಶಿ. ಒಂದು ರವಿವಾರ ಬಂದು, ಬಾಗಿಲ ಬಳಿ ನಿಂತುಕೊಂಡೇ ಇಡೀ ಆಟ ನೋಡಿದರು. ಈ ಸಲದ ರಾಜ್ಯೋತ್ಸವಕ್ಕೆ ಕಮ್ಯುನಿಟಿ ಹಾಲಿನಲ್ಲಿ ಇದೇ ಆಗಬೇಕು, ಅಹಮದಾಬಾದು ಸೂರತ್ತಿನ ಕನ್ನಡದವರನ್ನೂ ಕರೆಯೋಣ ಎಂದರು. ನಾವೆಲ್ಲ ಉಬ್ಬಿ ಹೋಗಿರುವಾಗ ಇನ್ನೊಂದು ಮಾತು ಸೇರಿಸಿದರು.

"ಒಂದೇ ಒಂದು ಬದಲಾವಣೆ, ಬಸವರಾಜ್. ಮಗು ಚೆನ್ನಾಗಿ ಹೇಳ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ಇನ್‌ಸ್ಪೆಕ್ಟರ್ ಅಂದ್ರೆ ಒಂದು ಗತ್ತು ಬೇಕಲ್ವಾ. ಹೊರಗಡೆಯಿಂದ ಜನ ಬರ್ತಾರೆ. ಆ ಭಾಯಿ ಗೀಯಿ ಎಲ್ಲ ಬಂದ್ರೆ ನಗ್ತಾರೆ. ನಾನು ಕಾಲೇಜಲ್ಲಿ ನಾಟಕ ಆಡ್ತಿದ್ದೆ, ಆ ಪಾತ್ರ ನನಗಿರ್ಲಿ."

ಅಪ್ಪ ನನ್ನ ಮುಖ ನೋಡಲಿಲ್ಲ. "ಆಗ್ಲಿ ಸಾರ್," ಎಂದ. ದಿನಾ ಬೆಳಗಾದರೆ ಅವರ ಮುಂದೆ ನಿಂತು ಕೆಲಸ ಮಾಡಬೇಕಾದವನು ಮತ್ತೇನು ಹೇಳಿಯಾನು. ನಾನು ಅಡುಗೆಮನೆಗೆ ಹೋಗಿ ಕಿಂಡಿಯ ಕೆಳಗೆ ಕೂತೆ. ಅವ್ವ ಏನೂ ಕೇಳದೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟಳು. ನಾನು ಅದನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡೆ. ಇದ್ದ ಅಷ್ಟು ಕನ್ನಡವನ್ನೂ ಯಾರೋ ಒಯ್ದ ಹಾಗಾಗಿತ್ತು. ಅಜ್ಜಿ ಆ ಹೊತ್ತು ಒಂದು ಮಾತೂ ಆಡಲಿಲ್ಲ, ಅದೇ ಎಲ್ಲರಿಗೂ ಅನುಮಾನ ಬರಬೇಕಾದ ಸಂಗತಿಯಾಗಿತ್ತು.

ಮುಂದಿನ ರವಿವಾರ ನಮ್ಮ ಮನೆಯಲ್ಲೇ ತಾಲೀಮು. ಮೂರ್ತಿ ಸಾಹೇಬರು ನಿಜಕ್ಕೂ ಚೆನ್ನಾಗಿ ಹೇಳಿದರು. ಗಂಟಲು ದೊಡ್ಡದು, ಮಾತು ಸ್ಪಷ್ಟ. ಅಜ್ಜಿಯೂ ತನ್ನ ಮಾತನ್ನು ಜಾಗ ತಪ್ಪದೆ ಹೇಳಿದಳು. ಅವ್ವ ಹೊಡೆದಾಟ ಮುಗಿಸಿದಳು. ಬಾಜಾರದ ದೃಶ್ಯ ಬಂತು. ಬೇಡಿ ಮೇಲೆದ್ದಿತು.

"ನಡಿ ಧಣಿ, ನಿನ್ನ ಆಟ ಮುಗೀತು," ಎಂದರು ಮೂರ್ತಿ ಸಾಹೇಬರು.

ಇಲ್ಲಿ ಧಣಿ ತಲೆ ತಗ್ಗಿಸಿ, "ನಡಿ," ಎನ್ನಬೇಕು, ಅಷ್ಟೇ. ಅಜ್ಜಿ ಸೆರಗು ಸರಿಮಾಡಿಕೊಂಡು, ಅದೇ ಸಣ್ಣ ದನಿಯಲ್ಲಿ, "ಯಾವೂರವಪ್ಪಾ ನೀ?" ಎಂದಳು.

ಮೂರ್ತಿ ಸಾಹೇಬರು ತಬ್ಬಿಬ್ಬಾಗಿ, "ನಿನ್ನ ಆಟ ಮುಗೀತು ಅಂದೆ," ಎಂದರು.

"ಅದನ್ನ ಕೇಳಿದ್ನಿ. ಯಾವೂರವ ಅಂತ ಕೇಳಾಕತ್ತೇನಿ. ಊಟಾ ಆತೇನು?"

"ಅಮ್ಮಾ, ಇದು ಸಿನಿಮಾದಲ್ಲಿ ಇಲ್ಲ."

"ನನ್ನ ಬಾಜಾರದಾಗ ನಿಂತು ಏನೈತಿ ಏನಿಲ್ಲ ಅಂತ ನೀ ನನಗ ಹೇಳ್ತೀಯೇನು? ಇಂಥಾ ಇನ್‌ಸ್ಪೆಕ್ಟರ್ ಮಂದಿ ನಮ್ಮ ವಾಡೇದಾಗ ಎಷ್ಟು ಸಲ ಉಂಡು ಹೋಗ್ಯಾರ."

ಪರದೆಯ ಮೇಲೆ ಧಣಿ ಆಗಲೇ ತಲೆ ತಗ್ಗಿಸಿ ನಡೆದುಬಿಟ್ಟಿದ್ದ. ಜೀಪು ಹತ್ತಿದ. ಜೀಪು ಧೂಳೆಬ್ಬಿಸಿ ಹೊರಟೇಹೋಯಿತು.

"ಅಮ್ಮಾ, ನೋಡಿ, ಜೀಪು ಹೋಗೇಬಿಡ್ತು."

"ಹೋಗ್ಲಿ. ನಾ ಹತ್ತೇ ಇಲ್ಲ."

ವಿಸಿಆರಿನ ಹಿಂದೆ ಅಪ್ಪನ ಮುಖ ಬಿಳಿಚಿಕೊಂಡಿತ್ತು. "ಅವ್ವಾ, ಸಾಹೇಬರ ಜೋಡಿ ಹಿಂಗ..." ಎಂದು ಏನೋ ಹೇಳಹೋದ.

"ಸಾಹೇಬರು ಅಂತ ಗೊತ್ತೈತೋ. ಶಾಣ್ಯಾರು ಅದಾರ, ಛಲೋ ಮಾತಾಡ್ತಾರ. ಆದ್ರ ನಾ ಇವರ ಕೈಲೆ ಬೇಡಿ ಹಾಕಿಸಿಕೊಳ್ಳೂದಿಲ್ಲ. ನನ್ನ ಹಿಡಿಯಾಕಿ ಒಬ್ಬಾಕಿ ಅದಾಳ, ಅಡಗೀಮನಿಯೊಳಗ ಕುಂತಾಳ. ಆಕೀ ಕರೀರಿ, ಬರ್ತೇನಿ. ಇಲ್ಲಂದ್ರ ನಿಮ್ಮ ರಾಜ್ಯೋತ್ಸವದಾಗೂ ಧಣಿ ಬಾಜಾರದಾಗ ಉಳೀತಾನ."

ಕಿಂಡಿಯಲ್ಲಿ ಅವ್ವನ ಮುಖ ಕಾಣಿಸಿಕೊಂಡಿತು. ಅತ್ತೆ ಸೊಸೆ ಒಂದೇ ಕಡೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಹೌದ್ರೀ ಸಾಹೇಬ್ರ," ಎಂದಳು ಅವ್ವ, ಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತ, "ಇವರು ಒಮ್ಮೆ ಹಟಾ ಹಿಡದ್ರಂದ್ರ ದೇವರಿಗೂ ಬಗ್ಗೂದಿಲ್ಲ. ನಾ ನೋಡೇನಲ್ಲ."

ಮೂರ್ತಿ ಸಾಹೇಬರು ಕಿಂಡಿಯ ಕಡೆ ಒಮ್ಮೆ, ಅಜ್ಜಿಯ ಕಡೆ ಒಮ್ಮೆ ನೋಡಿದರು. ಆಮೇಲೆ ನಕ್ಕುಬಿಟ್ಟರು. ಹಾಗೆ ನಗಬಲ್ಲವರು ಎಂದು ಅಪ್ಪನಿಗೂ ಗೊತ್ತಿರಲಿಲ್ಲವಂತೆ.

"ಬಸವರಾಜ್, ಈ ಕೇಸು ನನ್ನ ಕೈಲಿ ಆಗಲ್ಲಪ್ಪ. ಮಗೂಗೇ ವರ್ಗ ಮಾಡಿಬಿಡೋಣ. ನಾನು ಕಾನ್‌ಸ್ಟೇಬಲ್ ಮಾತು ಹೇಳ್ತೀನಿ." ನನ್ನ ಕಡೆ ತಿರುಗಿ ಬೆರಳೆತ್ತಿದರು. "ಆದ್ರೆ ಪುಟ್ಟಾ, ಆ ಭಾಯಿ ಮಾತ್ರ ಬೇಡ. ಆಯ್ತಾ?"

ಆಯಿತು ಎಂದೆ. ಅಲ್ಲಿಂದ ರಾಜ್ಯೋತ್ಸವದ ತನಕ ನನಗೆ ಅದೇ ಜಪ. ಸ್ನಾನದ ಮನೆಯಲ್ಲಿ, ಶಾಲೆಯ ಬಸ್ಸಿನಲ್ಲಿ, ಹಾಸಿಗೆಯಲ್ಲಿ, ನಡೀರಿ ಧಣಿ, ನಡೀರಿ ಧಣಿ. ಬಾಯಿ ತಪ್ಪಿದರೆ ಅಪ್ಪನ ತಲೆ ತಗ್ಗುತ್ತದೆ, ಅಜ್ಜಿ ಸಾಹೇಬರನ್ನು ಎದುರು ಹಾಕಿಕೊಂಡದ್ದು ದಂಡವಾಗುತ್ತದೆ ಎಂದು ನನಗೆ ಗೊತ್ತಿತ್ತು.

ಕಮ್ಯುನಿಟಿ ಹಾಲು ಆ ಸಂಜೆ ತುಂಬಿತ್ತು. ಅಹಮದಾಬಾದಿನ ನವರಂಗಪುರದಿಂದ ಒಂದು ಬಸ್ಸಿನ ತುಂಬ ಬ್ಯಾಂಕಿನವರು, ಸೂರತ್ತಿನಿಂದ ರೈಲಿನಲ್ಲಿ ಬಂದವರು, ಹಿಂದಿನ ಸಾಲುಗಳಲ್ಲಿ ಮಂಜುಲಾಬೆನ್ ಕಟ್ಟಿಕೊಂಡು ಬಂದ ಗುಜರಾತಿ ನೆರೆಹೊರೆ. ವೇದಿಕೆಯ ನಡುವೆ ಕ್ಲಬ್ಬಿನ ದೊಡ್ಡ ಟೀವಿ. ಒಂದು ಪಕ್ಕ ಕುರ್ಚಿಯ ಮೇಲೆ ಅಜ್ಜಿ, ಇನ್ನೊಂದು ಪಕ್ಕ ಸ್ಟೂಲಿನ ಮೇಲೆ ನಿಂತ ನಾನು. ಹಿಂದೆ ಒಂದು ಮೇಜು, ಅದರ ಮೇಲೆ ಪರಾತ, ಪರಾತದ ಮುಂದೆ ರೇಷ್ಮೆ ಸೀರೆ ಉಟ್ಟ ಅವ್ವ, ಅವಳ ಕೈಯ ಬಳಿ ಒಂದು ಮೈಕು. ಅಪ್ಪ ವಿಸಿಆರಿನ ಬಳಿ ಮಂಡಿಯೂರಿ ಕೂತಿದ್ದ, ಅವನ ಪಕ್ಕದ ಕುರ್ಚಿಯಲ್ಲಿ ಕಾನ್‌ಸ್ಟೇಬಲ್ ಆಗಿ ಮೂರ್ತಿ ಸಾಹೇಬರು. ನಾನು ಮೆಣಸಿನಕಾಯಿ ಚೀಲದ ಮಾತು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಅಜ್ಜಿ ಮೊದಲ ಮಾತು ಆಡಿದಾಗ ಇಡೀ ಸಭೆ ಮುಂದಕ್ಕೆ ಬಗ್ಗಿತು. ಮಿಲ್ಲಿನ ಹೊಡೆದಾಟದಲ್ಲಿ ಅವ್ವನ ಅಂಗೈ ಮೈಕಿನ ಪಕ್ಕದಲ್ಲಿ ಬಿದ್ದಾಗಲಂತೂ ಹಿಂದಿನ ಸಾಲಿನ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತರು. ಬಂಟ ಹತ್ತಿಯ ಮೇಲೆ ಬಿದ್ದ, ಅವ್ವ ರೊಟ್ಟಿಯನ್ನು ಎತ್ತಿ ಸಭೆಗೆ ತೋರಿಸಿದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾಜಾರದ ದೃಶ್ಯ ಬಂತು. ಅಂಗಡಿಗಳ ಬಾಗಿಲು ಮುಚ್ಚಿದ್ದವು. ಇನ್‌ಸ್ಪೆಕ್ಟರ್ ನಡೆದು ಬಂದ. "ಬಾಗಲಾ ತೆರೀರಿ," ಎಂದೆ, "ನಾ ಒಬ್ಬಾವ ಬಂದಿಲ್ಲ, ಕಾಯಿದೆ ಬಂದೈತಿ." ಪರದೆಯ ಮೇಲೆ ಬೇಡಿ ಮೇಲೆದ್ದಿತು. ನಾನು ಅಜ್ಜಿಯ ಕಡೆ ತಿರುಗಿದೆ. ಅವಳ ಬಿಳಿ ಕೂದಲು, ಸುಕ್ಕುಗಟ್ಟಿದ ಕೈ, ನನಗಾಗಿ ಮುಂದೆ ಚಾಚಿದ ಆ ಕಿವಿ ಕಂಡವು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ನಡೀರಿ, ಧಣೀಭಾಯಿ."

ಮೂರ್ತಿ ಸಾಹೇಬರು ಕಣ್ಣು ಮುಚ್ಚಿಕೊಂಡರು. ಹಿಂದಿನಿಂದ ಮೊದಲು ಒಂದು ನಗು, ಆಮೇಲೆ ಮಂಜುಲಾಬೆನ್‌ಳ ಚಪ್ಪಾಳೆ. ಅಷ್ಟು ಹೊತ್ತಿನ ಕನ್ನಡದಲ್ಲಿ ಅವರಿಗೆಲ್ಲ ಪೂರ್ತಿ ಅರ್ಥವಾದ ಮಾತು ಅದೊಂದೇ. ನನ್ನ ಕಣ್ಣು ಮಂಜಾಯಿತು. ಪರದೆಯ ಮೇಲಿನ ಧಣಿ ನಡೆಯತೊಡಗಿದ್ದ, ಅಜ್ಜಿ ಮಾತ್ರ ಕೂತೇ ಇದ್ದಳು. ಇವತ್ತೂ ಏನೋ ಹೇಳುತ್ತಾಳೆ, ಮುಗಿಯಿತು ಎಂದುಕೊಂಡೆ.

ಅಜ್ಜಿ ಕುರ್ಚಿಯಿಂದ ಎದ್ದಳು. ನಮ್ಮ ಆಟದಲ್ಲಿ ಧಣಿ ಎಂದೂ ಎದ್ದು ನಿಂತವನಲ್ಲ. ಟೀವಿಯ ಮುಂದಿನಿಂದಲೇ ದಾಟಿ ನನ್ನ ಸ್ಟೂಲಿನ ತನಕ ನಡೆದು ಬಂದು, ಎರಡೂ ಕೈ ಜೋಡಿಸಿ ಮುಂದೆ ಚಾಚಿದಳು. ಧಣಿಯ ಸಣ್ಣ ದನಿಯನ್ನು ಬಿಟ್ಟು, ಹೊಲದ ಆ ತುದಿಯಲ್ಲಿ ಇದ್ದವರಿಗೂ ಕೇಳುವ ತನ್ನ ಸ್ವಂತ ದನಿಯಲ್ಲಿ ಹೇಳಿದಳು.

"ಇಷ್ಟು ಮರ್ಯಾದಿಲೇ ಯಾರೂ ಯಾರನ್ನೂ ಹಿಡಿದದ್ದು ನಾ ನೋಡಿಲ್ಲ. ನಡಿಯವಾ, ಬರ್ತೇನಿ."

ನಾನು ಅವಳ ಎರಡೂ ಮಣಿಕಟ್ಟುಗಳನ್ನು ಹಿಡಿದೆ. ಚಪ್ಪಾಳೆಯ ನಡುವೆ ಕಾನ್‌ಸ್ಟೇಬಲ್ಲನ ಒಂದೇ ಒಂದು ಮಾತು ಬಾಕಿ ಇತ್ತು. ಪರದೆಯ ಮೇಲೆ ಜೀಪು ಯಾವಾಗಲೋ ಹೋಗಿತ್ತು. ಆದರೂ ಮೂರ್ತಿ ಸಾಹೇಬರು ಎದ್ದು ನಿಂತು, ಕಾಲು ಜೋಡಿಸಿ, ಸ್ಟೂಲಿನ ಮೇಲಿದ್ದ ನನಗೆ ಸಲ್ಯೂಟ್ ಹೊಡೆದು, ಆ ದೊಡ್ಡ ಗಂಟಲಲ್ಲಿ, "ಸಾರ್, ಜೀಪು ರೆಡಿ ಸಾರ್," ಎಂದರು.

ವಿಸಿಆರಿನ ಪಕ್ಕ ಮಂಡಿಯೂರಿದ್ದ ಅಪ್ಪ ನಿಧಾನವಾಗಿ ಎದ್ದು ನೆಟ್ಟಗೆ ನಿಂತ.